12 ಜಾಗ, 31 ಮಕ್ಕಳು. ದಿನಾ ಬಂದು ಕಲಿಯುವ ಅವಕಾಶ ಯಾರಿಗೆ ಕೊಡಬೇಕು?

ಭಾಗ್ಯನಗರದ ಅಮ್ಮ
ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದವಳು. ಮಗಳಿಗೆ 9 ವರ್ಷ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈ ಕೈ ಹಿಡಿತಕ್ಕೆ ಬಾರದಿರುವುದು) ಇದೆ. ನಮ್ಮಂಥ ಏಳೆಂಟು ಪಾಲಕರು ಸೇರಿ, ಶಾಲೆಯೊಂದರ ಖಾಲಿ ಕೋಣೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕಾ ಕೇಂದ್ರ ನಡೆಸುತ್ತಿದ್ದೇವೆ. ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 10ರಿಂದ 3. ಒಬ್ಬರು ವಿಶೇಷ ಶಿಕ್ಷಕಿ, ಒಬ್ಬರು ಆಯಾ, ಬುಧವಾರ ಫಿಸಿಯೋ. ಮಕ್ಕಳನ್ನು ಕರೆತರಲು ಒಂದು ಟಂಟಂ (ದೊಡ್ಡ ಆಟೋ) ಗೊತ್ತು ಮಾಡಿದ್ದೇವೆ.

12 ಮಕ್ಕಳಿಗಿಂತ ಜಾಸ್ತಿ ಆಗುವುದಿಲ್ಲ. ಹೋದ ವರ್ಷ ಬೇಡ ಅನ್ನಲಾಗದೆ 14 ಮಕ್ಕಳನ್ನು ತಗೊಂಡಿದ್ದೆವು. ಒಂದು ದಿನ ಒಬ್ಬ ಹುಡುಗನಿಗೆ ಫಿಟ್ಸ್ ಬಂತು. ಟೀಚರ್ ಅವನನ್ನು ಒಂದು ಮಗ್ಗುಲಿಗೆ ಮಲಗಿಸಿ ಹತ್ತಿರ ಕೂತಿದ್ದರು. ಆಯಾ ಇನ್ನೊಂದು ಮಗುವಿಗೆ ಬಟ್ಟೆ ಬದಲಿಸುತ್ತಿದ್ದರು. ಅಷ್ಟರಲ್ಲಿ ಮತ್ತೊಬ್ಬ ಗೇಟ್ ದಾಟಿ ರಸ್ತೆಗೆ ಹೋಗಿಬಿಟ್ಟಿದ್ದ. ಹೂ ಮಾರುವ ಅಜ್ಜಿ ಕೈ ಹಿಡಿದು ಕರೆತಂದರು. ಅವತ್ತೇ 12 ಎಂದು ತೀರ್ಮಾನ ಮಾಡಿದೆವು.

ಈ ವರ್ಷ 31 ಅರ್ಜಿ ಬಂದಿವೆ. ಜಾಗ ಸಿಗದವರಿಗೆ ಮನೆಗೆ ಹೋಗಿ ಕಲಿಸುವುದು ಅಂತ ಇದೆ, ಆದರೆ ಅದು ವಾರಕ್ಕೆ ಒಂದು ಗಂಟೆ. ಸಭೆಯಲ್ಲಿ ನಾಲ್ಕು ಮಾತು ಬಂದವು. ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ಪರ್ಸೆಂಟ್ ಜಾಸ್ತಿ ಇದ್ದವರಿಗೆ ಮೊದಲು. ಅರ್ಜಿ ಮೊದಲು ಕೊಟ್ಟವರಿಗೆ ಮೊದಲು. ಬೇಗ ಕಲಿಯುವವರಿಗೆ ಮೊದಲು. ಇಲ್ಲಾ ಚೀಟಿ ಎತ್ತೋಣ. ಜಗಳವಾಗಿ ಸಭೆ ಮುಗಿಯಿತು.

ನನ್ನ ಮಗಳು ಈಗ ಆ 12ರಲ್ಲಿ ಇದ್ದಾಳೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಕಣ್ಣಿಂದ ಹೋಗದ ಒಂದು ಅರ್ಜಿ ಇದೆ. 11 ವರ್ಷದ ಹುಡುಗ. ಅಪ್ಪ ಅಮ್ಮ ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ. ಅಜ್ಜಿ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬಂದಿದ್ದರು. ಅವನ ಕಾಲು ಅಜ್ಜಿಯ ಮೊಣಕಾಲಿನ ತನಕ ಜೋತಾಡುತ್ತಿತ್ತು. "ಹೊಲಕ್ಕ ಹೋಗುವಾಗ ಏನು ಮಾಡ್ತೀರಿ?" ಎಂದು ಕೇಳಿದೆ. "ಮಂಚದ ಕಾಲಿಗೆ ಸೀರಿ ತುಂಡು ಕಟ್ಟಿ ಹೋಗ್ತೀನಿ ಯವ್ವಾ, ಇನ್ನೇನ್ ಮಾಡ್ಲಿ" ಎಂದರು. ಪಾದದ ಗಂಟಿನ ಮೇಲೆ ಬಟ್ಟೆ ಉಜ್ಜಿ ಕಪ್ಪಾಗಿತ್ತು. ಈ ಹುಡುಗನಿಗೆ ಇನ್ನೂ ಸರ್ಟಿಫಿಕೇಟೇ ಇಲ್ಲ. ಅರ್ಜಿ ಬಂದಿದ್ದು ಎಲ್ಲರಿಗಿಂತ ಕೊನೆಗೆ.

ನೀವಾಗಿದ್ದರೆ ಹೇಗೆ ಆರಿಸುತ್ತಿದ್ದಿರಿ?

ಎಡದಂಡೆ ಹುಡುಗ
ಪರ್ಸೆಂಟ್ ಪ್ರಕಾರ ಮಾಡಿ, ಮುಗೀತು. ಡಾಕ್ಟರ್ ಬರೆದುಕೊಟ್ಟ ನಂಬರ್ ಇದ್ದರೆ ಯಾರೂ ಬಾಯಿ ಮಾಡುವುದಿಲ್ಲ. ಇಲ್ಲದಿದ್ದರೆ "ನಿಮ್ಮವರಿಗೆ ಕೊಟ್ಟಿರಿ" ಅಂತಾರೆ.

ಮಾನ್ವಿ ಮಲ್ಲಿಗೆ
ಅಣ್ಣಾ, ಆ ಅಜ್ಜಿಯ ಮೊಮ್ಮಗನಿಗೆ ನಂಬರೇ ಇಲ್ಲವಲ್ಲ. ಅವನನ್ನು ಎಲ್ಲಿ ಇಡುತ್ತೀರಿ?

ಬ್ಯಾಗ್ ಹೊತ್ತ ಟೀಚರ್
ನಾನು ಬಿಐಇಆರ್‌ಟಿ, ಅಂದರೆ ಬ್ಲಾಕ್ ಮಟ್ಟದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸುವ ಶಿಕ್ಷಕಿ. ಮನೆ ಮನೆಗೆ ಹೋಗಿ ಕಲಿಸುವುದೇ ನನ್ನ ಕೆಲಸ. ಎಡದಂಡೆ ತಮ್ಮಾ, ಪರ್ಸೆಂಟ್ ಅನ್ನುವುದು ನೀವು ಅಂದುಕೊಂಡಷ್ಟು ಸಣ್ಣ ಜರಡಿಯಲ್ಲ. 2018ರ ಮಾರ್ಗಸೂಚಿಯಲ್ಲಿ ಬೌದ್ಧಿಕ ಅಸಮರ್ಥತೆಗೆ ಇದ್ದದ್ದು ಐದೇ ಮೆಟ್ಟಿಲು: 25, 50, 75, 90, 100. ನಡುವೆ ಏನೂ ಇರಲಿಲ್ಲ. 31 ಮಕ್ಕಳ ಸರ್ಟಿಫಿಕೇಟ್ ಬಿಡಿಸಿಟ್ಟು ನೋಡಿ, ಅರ್ಧಕ್ಕರ್ಧ ಮಕ್ಕಳಿಗೆ 75 ಎಂದೇ ಇರುತ್ತದೆ. ಆಮೇಲೆ ಅವರಲ್ಲಿ ಯಾರಿಗೆ ಕೊಡುತ್ತೀರಿ?

ಇನ್ನೊಂದು ಮಾತು. 75 ಇರುವ ಒಬ್ಬ ಹುಡುಗಿ ತಾನೇ ಊಟ ಮಾಡುತ್ತಾಳೆ, ಮನೆಯಲ್ಲಿ ಅಕ್ಕ ತಂಗಿ ಇದ್ದಾರೆ, ಬೀದಿಯಲ್ಲಿ ಆಡುತ್ತಾಳೆ. ಅಷ್ಟೇ ಪರ್ಸೆಂಟ್ ಇರುವ ಇನ್ನೊಬ್ಬಳು ನಾಲ್ಕು ಗೋಡೆ ಬಿಟ್ಟು ಬೇರೆ ನೋಡಿಲ್ಲ. ದೇಹದಲ್ಲಿ ಏನು ಕಡಿಮೆ ಇದೆ ಎಂದು ಆ ಕಾಗದ ಹೇಳುತ್ತದೆ. ಮನೆಯಲ್ಲೇ ಉಳಿದರೆ ಮಗು ಏನು ಕಳೆದುಕೊಳ್ಳುತ್ತದೆ ಅಂತ ಹೇಳುವುದಿಲ್ಲ. ನಿಮಗೆ ಬೇಕಾಗಿರುವುದು ಎರಡನೆಯದು.

ಎಡದಂಡೆ ಹುಡುಗ
ಮೇಡಂ, ಅದನ್ನು ಅಳೆಯುವವರು ಯಾರು? ಕಮಿಟಿಯವರು. ಕಮಿಟಿಯಲ್ಲಿ ಯಾರಿದ್ದಾರೆ? ಈಗಾಗಲೇ ಜಾಗ ಸಿಕ್ಕವರು. ಭಾಗ್ಯನಗರದ ಅಕ್ಕಾರ ಮೇಲೆ ನನಗೆ ಸಂಶಯ ಇಲ್ಲ. ಆದರೆ ಹಳ್ಳಿಯಿಂದ ಅರ್ಜಿ ಹಾಕಿದವರು ಹಾಗೆ ಅಂದುಕೊಳ್ಳುತ್ತಾರಾ?

ಭಾಗ್ಯನಗರದ ಅಮ್ಮ
ಈ ಮಾತು ಸರಿ ಇದೆ. ರಾತ್ರಿ ನಿದ್ದೆ ಬರದಿರುವುದು ಇದಕ್ಕೇ.

ಬಳ್ಳಾರಿ ಕರಿಕೋಟು
ವಕೀಲ ನಾನು. ಕಾನೂನು ಏನು ಹೇಳುತ್ತದೆ ಎಂದು ಮೊದಲು ನೋಡೋಣ. ಇಲ್ಲದಿದ್ದರೆ ನಾವು ನಮ್ಮನಮ್ಮಲ್ಲೇ ಹಂಚಿಕೊಂಡು ಜಗಳ ಆಡುತ್ತೇವೆ, ಕೊಡಬೇಕಾದವರು ಆರಾಮಾಗಿ ಇರುತ್ತಾರೆ.

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 31ನೇ ಕಲಂ ಪ್ರಕಾರ, ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣದ ಹಕ್ಕಿದೆ. ಅದೂ ಹತ್ತಿರದ ಶಾಲೆಯಲ್ಲಿ, ಅಥವಾ ಅವರು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ. 1995ರ ಹಳೇ ಕಾಯ್ದೆಯಲ್ಲಿ 7 ವಿಧದ ಅಂಗವೈಕಲ್ಯ ಇತ್ತು, ಈಗ 21 ಇವೆ.

ಮನೆಯಲ್ಲೇ ಕಲಿಸುವ ವಿಚಾರ. 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿ ಆಯಿತು. ಬಹುವಿಧ ಮತ್ತು ತೀವ್ರ ಅಂಗವೈಕಲ್ಯ ಇರುವ ಮಗು ಮನೆಯಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳಬಹುದು ಎಂದು ಅಲ್ಲಿದೆ. ಆರಿಸಿಕೊಳ್ಳುವ ಹಕ್ಕು ಮಗುವಿನ ಕಡೆಯವರದ್ದು. "ನಿಮ್ಮ ಮಗನನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಟೀಚರ್ ಬರ್ತಾರೆ" ಎಂದು ಶಾಲೆಯವರು ಹೇಳಿ ಕಳಿಸುವ ಹಾಗಿಲ್ಲ.

ಶಿಕ್ಷಕರ ಲೆಕ್ಕ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು. ನಿಮ್ಮಲ್ಲಿ 12 ಮಕ್ಕಳಿಗೆ ಒಬ್ಬರು. ಸಣ್ಣವರೇ ಇದ್ದರೆ ಅದೇ ಜಾಸ್ತಿ ಆಯಿತು.

ಸಿಂಧನೂರು ಭತ್ತ
ವಕೀಲರೇ, ಕಾನೂನು ಚೆನ್ನಾಗಿದೆ. ಆದರೆ ಅಕ್ಕಾರಿಗೆ ಜೂನ್ ಹೊತ್ತಿಗೆ ಪಟ್ಟಿ ಹಾಕಬೇಕು. ಕೋರ್ಟ್ ಹತ್ತಲು ಹೇಳ್ತೀರಾ?

ಬಳ್ಳಾರಿ ಕರಿಕೋಟು
ಹತ್ತಿ ಅಂದಿಲ್ಲ. 19 ಜನರಿಗೆ ಜಾಗ ಇಲ್ಲ ಎಂದು ಹೇಳುವಾಗ ಅದನ್ನು ಬರೆದು ಶಿಕ್ಷಣಾಧಿಕಾರಿ ಬಿಇಒ ಅವರಿಗೂ ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ ಅಂತಿದ್ದೇನೆ. ಬಾಯಲ್ಲಿ ಹೇಳಿ ಕಳಿಸಿದ 19 ಮಕ್ಕಳು ಯಾವ ಲೆಕ್ಕಕ್ಕೂ ಬರುವುದಿಲ್ಲ. ಬರೆದು ಕೊಟ್ಟರೆ ಯಾರಾದರೂ ಒಬ್ಬರು ಉತ್ತರ ಕೊಡಬೇಕಾಗುತ್ತದೆ.

ರಾಯಚೂರು ಬಿಸಿಲು
ನನ್ನ ಅನಿಸಿಕೆ ಬೇರೆ. ಬೈಯಬೇಡಿ. ಇರುವುದು 12 ಜಾಗ. ಎರಡು ವರ್ಷ ಕಲಿತು ಸಾಮಾನ್ಯ ಶಾಲೆಗೆ ಹೋಗಬಲ್ಲ ಮಗುವಿಗೆ ಕೊಟ್ಟರೆ ಜಾಗ ಮತ್ತೆ ಖಾಲಿ ಆಗುತ್ತದೆ, ಇನ್ನೊಬ್ಬರಿಗೆ ಸಿಗುತ್ತದೆ. ತುಂಬಾ ತೀವ್ರ ಇರುವ ಮಗುವಿಗೆ ಕೊಟ್ಟರೆ ಅದು 18 ವರ್ಷದ ತನಕ ಅಲ್ಲೇ ಇರುತ್ತದೆ. ಹತ್ತು ವರ್ಷದಲ್ಲಿ ಎಷ್ಟು ಮಕ್ಕಳಿಗೆ ಉಪಯೋಗ ಆಯಿತು ಅಂತ ನೋಡಬೇಕಲ್ವಾ?

ಗಂಗಾವತಿ ಮೂರುಗಾಲಿ
ಬೈಯುವುದಿಲ್ಲ ಸರ್. ನನ್ನ ಕತೆ ಕೇಳಿ.

ನನಗೆ ಈಗ 38. ಪೋಲಿಯೋ, ಎರಡೂ ಕಾಲಿಗೆ. ಒಂದನೇ ತರಗತಿಗೆ ಸೇರಿಸಲು ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದರು. "ಇವನು ಓದಿ ಏನು ಮಾಡ್ತಾನೆ, ಜಾಗ ಇಲ್ಲ" ಅಂದರು. ಮರುವರ್ಷ ಮತ್ತೆ ಹೋದೆವು. ಅವತ್ತು ಬೇರೆ ಮೇಷ್ಟ್ರು ಇದ್ದರು. ಬಾಗಿಲ ಹತ್ತಿರ ಗೋಡೆಗೆ ಒರಗಲು ಒಂದು ಗೋಣಿಚೀಲ ಹಾಸಿ ಕೂರಿಸಿದರು. ಆ ಒಂದು ವರ್ಷ ಮನೆಯಲ್ಲಿ ಕೂತಿದ್ದಾಗ ಪಕ್ಕದ ಮನೆಯ ಹುಡುಗರು ಪಾಟಿ ಹಿಡಿದು ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಕಿಟಕಿಗೆ ಐದು ಸರಳು. ಇವತ್ತಿಗೂ ಲೆಕ್ಕ ನೆನಪಿದೆ.

ಈಗ ನಾನು ಅಂಗಡಿ ಇಟ್ಟುಕೊಂಡು ನಾಲ್ಕು ಜನರ ಸಂಸಾರ ನಡೆಸುತ್ತಿದ್ದೇನೆ. ನಿಮ್ಮ ಲೆಕ್ಕದಲ್ಲಿ ನಾನು "ಉಪಯೋಗ ಆದ" ಮಗು. ಆದರೆ ಮೊದಲ ಮೇಷ್ಟ್ರು ಕೂಡ ನಿಮ್ಮ ಲೆಕ್ಕವನ್ನೇ ಹಾಕಿದ್ದರು. ಯಾವ ಮಗು ಏನಾಗುತ್ತದೆ ಎಂದು ಆರು ವರ್ಷದಲ್ಲಿ ಹೇಳಲು ಬರುವುದಿಲ್ಲ. ಇನ್ನು, ಏನೂ "ಆಗದ" ಮಗುವಿಗೆ ದಿನಾ ನಾಲ್ಕು ಜನರ ಮುಖ ನೋಡುವ ಹಕ್ಕಿಲ್ಲವಾ?

ರಾಯಚೂರು ಬಿಸಿಲು
ನೀವು ಹೇಳಿದ್ದು ಮನಸ್ಸಿಗೆ ತಟ್ಟಿತು. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ಜಾಗ ಖಾಲಿ ಆಗುವ ದಾರಿ ಯಾವುದಾದರೂ ಬೇಕು. ಇಲ್ಲದಿದ್ದರೆ ಈ ಸಲ ಬಿಟ್ಟುಹೋದವರಿಗೆ ಯಾವಾಗ ಸಿಗುತ್ತದೆ?

ಲಿಂಗಸುಗೂರು ಮೇಷ್ಟ್ರು
ಆ ದಾರಿ ನಮ್ಮ ಸಾಮಾನ್ಯ ಶಾಲೆಗಳಲ್ಲಿದೆ. 22 ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ಇದ್ದೇನೆ, ನನ್ನ ಕಡೆಯವರ ತಪ್ಪನ್ನೇ ಹೇಳುತ್ತೇನೆ. ಭಾಗ್ಯನಗರದ ಅಮ್ಮಾ, ನಿಮ್ಮ 12 ಮಕ್ಕಳಲ್ಲಿ ಎಷ್ಟು ಮಕ್ಕಳು ನಿಜವಾಗಿ ಅಲ್ಲೇ ಇರಬೇಕಾದವರು? ಎಷ್ಟು ಮಕ್ಕಳು ಊರ ಶಾಲೆಯವರು ತಗೊಳ್ಳದೆ ನಿಮ್ಮ ಹತ್ತಿರ ಬಂದವರು? ಒಮ್ಮೆ ಎಣಿಸಿ ಹೇಳಿ.

ಭಾಗ್ಯನಗರದ ಅಮ್ಮ
ಎಣಿಸಿದೆ ಸರ್. ನಾಲ್ಕು.

ಇಬ್ಬರಿಗೆ ಕಿವಿ ಕಡಿಮೆ ಕೇಳುತ್ತದೆ, ಮಷೀನ್ ಇದೆ, ಮಾತು ಬರುತ್ತದೆ. ಒಬ್ಬನಿಗೆ ದೃಷ್ಟಿ ಮಂದ, ದೊಡ್ಡ ಅಕ್ಷರ ಓದುತ್ತಾನೆ. ಒಬ್ಬಳಿಗೆ ಕಾಲು ಮಾತ್ರ, ಮೂರನೇ ತರಗತಿ ಗಣಿತ ಸಲೀಸಾಗಿ ಮಾಡುತ್ತಾಳೆ. ಅವಳ ಊರ ಶಾಲೆಗೆ ಮೂರು ಮೆಟ್ಟಿಲು. ರ‍್ಯಾಂಪ್ ಇಲ್ಲ, ಶೌಚಾಲಯಕ್ಕೆ ಕರೆದೊಯ್ಯಲು ಯಾರೂ ಇಲ್ಲ ಎಂದು ಕಳಿಸಿದ್ದರು. ನನಗೆ ಇದು ಇಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಸಿರುಗುಪ್ಪ ಅಕ್ಕ
ಮೂರು ಮೆಟ್ಟಿಲಿಗಾಗಿ ಒಂದು ಮಗು ಊರು ಬಿಟ್ಟು ದಿನಾ ಟಂಟಂನಲ್ಲಿ ಬರುತ್ತಿದೆಯಾ!

ಲಿಂಗಸುಗೂರು ಮೇಷ್ಟ್ರು
ಅದೇ ನೋಡಿ. ರ‍್ಯಾಂಪಿಗೆ ಗ್ರಾಮ ಪಂಚಾಯಿತಿ ಕೇಳಿ. ಪಂಚಾಯಿತಿಯಲ್ಲಿ ಶೇ 5ರಷ್ಟು ಹಣ ವಿಕಲಚೇತನರಿಗೆ ಅಂತಲೇ ಮೀಸಲಿರುತ್ತದೆ. ಶಾಲಾ ಸಮಿತಿ (ಎಸ್‌ಡಿಎಂಸಿ) ಠರಾವು ಮಾಡಿ ಪಂಚಾಯಿತಿ ಅಧಿಕಾರಿ ಪಿಡಿಒಗೆ ಕೊಡಬೇಕು. ನಾವು ನಮ್ಮ ಶಾಲೆಯಲ್ಲಿ ಹೀಗೇ ಮಾಡಿಸಿದೆವು. ಒಂದು ಎಚ್ಚರಿಕೆ: ಇಳಿಜಾರು ಕಡಿದಾಗದ ಹಾಗೆ ನೋಡಿಕೊಳ್ಳಿ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ನಮ್ಮಲ್ಲಿ ಮೊದಲು ನಾಲ್ಕೇ ಅಡಿಯಲ್ಲಿ ಮುಗಿಸಿದ್ದರು, ಗಾಲಿಕುರ್ಚಿ ಹಿಂದಕ್ಕೆ ಜಾರುತ್ತಿತ್ತು. ಒಡೆದು ಮತ್ತೆ ಕಟ್ಟಿಸಬೇಕಾಯಿತು.

ದೇವದುರ್ಗ ವಿಆರ್‌ಡಬ್ಲ್ಯೂ
ಮೇಷ್ಟ್ರು ಹೇಳಿದ್ದು ಖರೆ. ಶೇ 5ರ ಹಣ ಎಷ್ಟೋ ಕಡೆ ವರ್ಷದ ಕೊನೆಗೆ ಏನೋ ಒಂದು ಸಾಮಾನು ತಂದು ಹಂಚಿ ಮುಗಿಸುತ್ತಾರೆ. ಮೊದಲೇ ಹೋಗಿ ಕೇಳಬೇಕು. ನಿಮ್ಮ ಪಂಚಾಯಿತಿ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಯಾರು ಎಂದು ವಿಚಾರಿಸಿ. ನಾವು ಊರಿನವರೇ, ಯಾವ ಮನೆಯಲ್ಲಿ ಯಾವ ಮಗು ಇದೆ ಎಂದು ನಮಗೆ ಗೊತ್ತಿರುತ್ತದೆ. ಆ ಅಜ್ಜಿಯ ಮೊಮ್ಮಗನ ಸರ್ಟಿಫಿಕೇಟ್ ಕೆಲಸವನ್ನೂ ಅವರೇ ಮಾಡಿಸುತ್ತಾರೆ.

ಹತ್ತಿ ಹೊಲ
ಯುಡಿಐಡಿ (ಅಂಗವೈಕಲ್ಯದ ಗುರುತಿನ ಚೀಟಿ) ಅರ್ಜಿ ಆನ್‌ಲೈನ್ ಹಾಕಿ ಎಂಟು ತಿಂಗಳಾಯಿತು. ನಾಲ್ಕು ಸಲ ಆಸ್ಪತ್ರೆಗೆ ಹೋಗಿ ಬಂದೆವು. ಒಮ್ಮೆ ಡಾಕ್ಟರ್ ರಜೆ, ಒಮ್ಮೆ ಸರ್ವರ್ ಇಲ್ಲ. ಒಂದು ಸಲಕ್ಕೆ ಎರಡು ದಿನದ ಕೂಲಿ ಹೋಗುತ್ತದೆ. ಯಾರಿಗಾದರೂ ಬೇಗ ಆಗಿದೆಯಾ?

ಮಾನ್ವಿ ಮಲ್ಲಿಗೆ
ನಮಗೆ ಕ್ಯಾಂಪಿನಲ್ಲಿ ಆಯಿತು. ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಕ್ಯಾಂಪ್ ಬ್ಲಾಕ್‌ನಲ್ಲಿ ನಡೆಯುತ್ತದೆ, ಬ್ಲಾಕ್ ಸಂಪನ್ಮೂಲ ಕೇಂದ್ರ (ಬಿಆರ್‌ಸಿ)ದಲ್ಲಿ ದಿನಾಂಕ ಕೇಳಿ. ಡಾಕ್ಟರುಗಳು ಅವತ್ತು ಅಲ್ಲೇ ಇರುತ್ತಾರೆ.

ಸಿಂಧನೂರು ಭತ್ತ
ಬಸ್ ಪಾಸ್ ಬಗ್ಗೆ ಯಾರಾದರೂ ಹೇಳಿ. ಮಗನಿಗೆ ಪಾಸ್ ಇದೆ, 100 ಕಿಲೋಮೀಟರ್ ಒಳಗೆ. ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಫ್ರೀ. ನಾನು ಕರೆದುಕೊಂಡು ಹೋದರೆ ನನಗೆ ಮಾತ್ರ ಟಿಕೆಟ್!

ಕುಷ್ಟಗಿ ಅಜ್ಜ
ಫ್ರೀ ಇದ್ದರೇನು ತಮ್ಮಾ, ಬಸ್ಸಿನಲ್ಲಿ ಕಾಲಿಡಲು ಜಾಗ ಬೇಕಲ್ಲ. ನನ್ನ ಮೊಮ್ಮಗಳಿಗೆ ಗದ್ದಲ ಆಗುವುದಿಲ್ಲ, ಕಿವಿ ಮುಚ್ಚಿಕೊಂಡು ಚೀರುತ್ತಾಳೆ. ಜನ ಎದ್ದು ಜಾಗ ಕೊಡುವ ಬದಲು "ಇಳಿಸ್ರೀ" ಅಂತಾರೆ. ಅದಕ್ಕೇ ಕೇಂದ್ರಕ್ಕೆ ಹೋಗುವುದನ್ನು ಬಿಡಿಸಿಬಿಟ್ಟೆವು. ಯಾರಿಗೆ ಜಾಗ ಕೊಡಬೇಕು ಅಂತ ಮಾತಾಡುವಾಗ ದಾರಿಯ ಬಗ್ಗೆಯೂ ಯೋಚನೆ ಮಾಡಿರಿ. ದೂರದ ಊರಿನವರು ಅರ್ಜಿಯನ್ನೇ ಹಾಕಿರುವುದಿಲ್ಲ.

ಬ್ಯಾಗ್ ಹೊತ್ತ ಟೀಚರ್
ಅಜ್ಜಾರೆ, ನಿಮ್ಮ ಮಾತು ದೊಡ್ಡದು. 31 ಅರ್ಜಿ ಅಂದರೆ 31 ಮಕ್ಕಳು ಮಾತ್ರ ಇದ್ದಾರೆ ಅಂತಲ್ಲ. ನನ್ನ ಪಟ್ಟಿಯಲ್ಲೇ 40ಕ್ಕಿಂತ ಜಾಸ್ತಿ ಇದ್ದಾರೆ.

ಮನೆಗೆ ಹೋಗಿ ಕಲಿಸುವುದು ಹೇಗಿರುತ್ತದೆ ಎಂದು ಹೇಳುತ್ತೇನೆ. ಒಂದು ಮನೆ ಇದೆ. ಒಂದೇ ಕೋಣೆ, ತಗಡಿನ ಚಾವಣಿ. ಏಪ್ರಿಲ್‌ನಲ್ಲಿ ಬೆಳಿಗ್ಗೆ 11ಕ್ಕೇ ಒಳಗೆ ಕೂರಲು ಆಗುವುದಿಲ್ಲ. ಹುಡುಗಿಗೆ 13 ವರ್ಷ, ಮಾತಿಲ್ಲ. ನನ್ನ ಗಾಡಿ ಸದ್ದು ಕೇಳಿದ ಕೂಡಲೇ ಎರಡೂ ಕೈ ನೆಲಕ್ಕೆ ಬಡಿಯುತ್ತಾಳೆ, ಖುಷಿಗೆ. ಒಂದು ಗಂಟೆ ಮಣಿ ಪೋಣಿಸುತ್ತೇವೆ, ಚಿತ್ರ ಗುರುತಿಸುತ್ತೇವೆ, ಲೋಟ ಹಿಡಿದು ನೀರು ಕುಡಿಯುವುದನ್ನು ಕಲಿಯುತ್ತೇವೆ. ನಾನು ಬ್ಯಾಗ್ ಜಿಪ್ ಹಾಕಿದೆ ಅಂದರೆ ಸಾಕು, ಬ್ಯಾಗಿನ ಪಟ್ಟಿ ಹಿಡಿದುಕೊಳ್ಳುತ್ತಾಳೆ. ಬೆರಳು ಒಂದೊಂದಾಗಿ ಬಿಡಿಸಿ ಬರಬೇಕು. ಮತ್ತೆ ಹೋಗುವುದು ಮುಂದಿನ ವಾರ.

ಲೋಟ ಹಿಡಿಯುವುದನ್ನು ಕಲಿಯಲು ಆರು ತಿಂಗಳು ಬೇಕಾಯಿತು. ದಿನಾ ಕೇಂದ್ರಕ್ಕೆ ಬರುವ ಹಾಗಿದ್ದರೆ ಆರು ವಾರಕ್ಕೆ ಕಲಿಯುತ್ತಿದ್ದಳು ಎಂದು ನನಗೆ ಅನಿಸುತ್ತದೆ. ಮನೆಯಲ್ಲಿರುವ ಮಗುವಿಗೆ ನಮ್ಮ ಕಡೆ ಬಿಸಿಯೂಟ ಸಿಗುವುದಿಲ್ಲ, ಮೊಟ್ಟೆ ಇಲ್ಲ, ಜೊತೆಗಾರರಿಲ್ಲ. ಇದೇ ನಮ್ಮ ಭಾಗದ ಜಿಲ್ಲೆಗಳಲ್ಲಿ ಅಲ್ವಾ 2002ರಲ್ಲಿ ಬಿಸಿಯೂಟ ಮೊದಲು ಶುರುವಾಗಿದ್ದು, ಮಕ್ಕಳು ಶಾಲೆಗೆ ಬರಲಿ ಎಂದು? ಬರಲಾಗದ ಮಗುವಿನ ತಟ್ಟೆ ಎಲ್ಲಿದೆ?

ಅದಕ್ಕೇ ನಾನು ಹೇಳುವುದು, ಆರಿಸುವ ಮೊದಲು ಮನೆಗೆ ಹೋಗಿ ನೋಡಿ. ಅರ್ಜಿ ಓದಿ ಆರಿಸಬೇಡಿ. ಹಗಲು ಹೊತ್ತು ಮಗುವಿನ ಜೊತೆ ಯಾರಿರುತ್ತಾರೆ? ಮಗು ದಿನಕ್ಕೆ ಎಷ್ಟು ಜನರನ್ನು ನೋಡುತ್ತದೆ? ಮಧ್ಯಾಹ್ನ ಏನು ತಿನ್ನುತ್ತದೆ? ಹೊರಗೆ ಬಂದು ಎಷ್ಟು ದಿನವಾಯಿತು? ಈ ನಾಲ್ಕು ಕೇಳಿದರೆ ಯಾರು ಮೊದಲು ಎಂದು ತಿಳಿಯುತ್ತದೆ.

ಎಡದಂಡೆ ಹುಡುಗ
ಮೇಡಂ, ಇದು ಒಪ್ಪಿದೆ. ಆದರೆ ನೋಡಲು ಹೋಗುವವರು ಕಮಿಟಿಯ ಪಾಲಕರು ಆಗಬಾರದು. ಒಬ್ಬರು ಬಿಐಇಆರ್‌ಟಿ, ಒಬ್ಬರು ಅಂಗನವಾಡಿ ಅಥವಾ ಆಶಾ ಅಕ್ಕ, ಒಬ್ಬರು ಗಂಗಾವತಿ ಅಣ್ಣನಂಥವರು. ಬರೆದಿದ್ದನ್ನು ಎಲ್ಲ ಅರ್ಜಿದಾರರ ಎದುರು ಓದಲಿ.

ಬಳ್ಳಾರಿ ಕರಿಕೋಟು
ಒಂದು ತಿದ್ದುಪಡಿ. ಮನೆಯ ಕಷ್ಟ, ಮಗುವಿನ ಕಾಯಿಲೆ ಇವನ್ನೆಲ್ಲ ಎಲ್ಲರೆದುರು ಓದುವುದು ಸರಿಯಲ್ಲ. ಅವರ ಮಾನ ಇದೆ. ನಿಯಮವನ್ನು ಎಲ್ಲರೆದುರು ಓದಿ. ಪ್ರತಿಯೊಬ್ಬರ ವಿಚಾರ ಅವರಿಗೆ ಮಾತ್ರ ಹೇಳಿ, ಒಪ್ಪಿಗೆ ಆಗದಿದ್ದರೆ ಮತ್ತೆ ಕೇಳಲು ಅವಕಾಶ ಕೊಡಿ.

ಎಡದಂಡೆ ಹುಡುಗ
ಸರಿ ಸರ್. ಅಷ್ಟು ಯೋಚನೆ ಮಾಡಿರಲಿಲ್ಲ.

ಕವಳೆ ಗಿಡ
ನಾನು ಈ ಕೇಂದ್ರದ ಒಬ್ಬ ಪಾಲಕಳು. ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚನೆ ಮಾಡಿದೆ. ಆ ಮೂರು ಮೆಟ್ಟಿಲಿನ ಹುಡುಗಿ ನನ್ನ ಮಗಳು.

ನೀವೆಲ್ಲ ಅವಳನ್ನು ಊರ ಶಾಲೆಗೆ ಕಳಿಸಿ ಜಾಗ ಖಾಲಿ ಮಾಡೋಣ ಅಂತಿದ್ದೀರಿ. ಅಲ್ಲಿ ಅವಳು ಎರಡು ವರ್ಷ ಇದ್ದಳು. ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಎಂದು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಎರಡು ಸಲ ಉರಿಮೂತ್ರವಾಗಿ ಆಸ್ಪತ್ರೆ ಸೇರಿದಳು. ಆಟದ ಪೀರಿಯಡ್‌ನಲ್ಲಿ ಎಲ್ಲರ ಬ್ಯಾಗ್ ಕಾಯಲು ಕೂರಿಸುತ್ತಿದ್ದರು. ಇಲ್ಲಿ ಬಂದ ಮೇಲೆ ನಗುತ್ತಾಳೆ. ರ‍್ಯಾಂಪ್ ಕಟ್ಟಿದರೆ ಶಾಲೆ ಆಯಿತಾ? ಅವಳ ಜಾಗ ಕಿತ್ತುಕೊಳ್ಳಬೇಡಿ ಅಕ್ಕಾ.

ಭಾಗ್ಯನಗರದ ಅಮ್ಮ
ಅಕ್ಕಾ, ನಿಮ್ಮನ್ನು ಕೇಳದೆ ಇಲ್ಲಿ ಬರೆದೆ, ತಪ್ಪಾಯಿತು. ಹೆಸರಿಲ್ಲದಿದ್ದರೂ ನಿಮಗೆ ಗೊತ್ತಾಗುತ್ತದೆ ಎಂದು ಯೋಚಿಸಬೇಕಿತ್ತು.

ಗಂಗಾವತಿ ಮೂರುಗಾಲಿ
ಕವಳೆ ಗಿಡ ಅಕ್ಕಾ, ನೀರು ಕುಡಿಯದೆ ಕೂರುವುದು ನನಗೆ ಗೊತ್ತು. ನಾನೂ ಏಳು ವರ್ಷ ಹಾಗೆ ಮಾಡಿದೆ. ನಿಮ್ಮ ಮಗಳನ್ನು ಏನೂ ವ್ಯವಸ್ಥೆ ಇಲ್ಲದೆ ಕಳಿಸುವುದು ಬೇಡವೇ ಬೇಡ.

ಆದರೂ ಒಂದು ಮಾತು. ನನ್ನ ಮದುವೆಗೆ ಬಂದವರು, ಅಂಗಡಿಗೆ ಸಾಲ ಕೊಟ್ಟವರು, ಅಪ್ಪ ಹೋದಾಗ ಹೆಗಲು ಕೊಟ್ಟವರು ಎಲ್ಲ ಆ ಗೋಣಿಚೀಲದ ಅಕ್ಕಪಕ್ಕ ಕೂತಿದ್ದ ಹುಡುಗರು. ಊರ ಶಾಲೆಯಲ್ಲಿ ಸಿಗುವುದು ಅದು. ಅದನ್ನು ಅವಳಿಗೆ ತಪ್ಪಿಸಬೇಡಿ. ಮೊದಲು ರ‍್ಯಾಂಪ್, ಹಿಡಿಕೆ ಇರುವ ಶೌಚಾಲಯ, ಕರೆದೊಯ್ಯಲು ಒಬ್ಬ ಹೆಂಗಸು. ಮೂರೂ ಆದಮೇಲೆ ವಾರಕ್ಕೆ ಎರಡು ದಿನ ಕಳಿಸಿ ನೋಡಿ. ಸರಿಹೋಗದಿದ್ದರೆ ವಾಪಸ್ ಕರೆದುಕೊಳ್ಳಿ. ಆ ಜಾಗ ಒಂದು ವರ್ಷ ಅವಳ ಹೆಸರಲ್ಲೇ ಇರಲಿ ಎಂದು ಕಮಿಟಿಯವರು ಬರೆದು ಕೊಡಲಿ.

ಕವಳೆ ಗಿಡ
ಬರೆದು ಕೊಟ್ಟರೆ ಯೋಚನೆ ಮಾಡುತ್ತೇನೆ. ಕರೆದೊಯ್ಯುವ ಹೆಂಗಸಿಗೆ ಸಂಬಳ ಯಾರು ಕೊಡುತ್ತಾರೆ?

ಲಿಂಗಸುಗೂರು ಮೇಷ್ಟ್ರು
ನಮ್ಮಲ್ಲಿ ಬಿಸಿಯೂಟದ ಅಡುಗೆಯವರೊಬ್ಬರು ಒಪ್ಪಿಕೊಂಡಿದ್ದಾರೆ. ಎಸ್‌ಡಿಎಂಸಿಯಿಂದ ತಿಂಗಳಿಗೆ ಸ್ವಲ್ಪ ಕೊಡುತ್ತೇವೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯದ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ, 10 ತಿಂಗಳು ಸ್ಟೈಪೆಂಡ್ ಇದೆ. ನಿಮ್ಮ ಮಗಳ ಖಾತೆಗೆ ಬರುತ್ತಿದೆಯಾ ನೋಡಿ. ಊರ ಶಾಲೆಯ ಹಾಜರಿಯಲ್ಲಿ ಹೆಸರು ಇದ್ದರೆ ಕೇಳುವುದು ಸುಲಭ.

ರಾಯಚೂರು ಬಿಸಿಲು
ಇನ್ನೊಂದು ದಾರಿ. 12 ಜಾಗವನ್ನು ಎರಡು ಮಾಡಿ. ಅರ್ಧ ಮಕ್ಕಳು ಸೋಮ, ಬುಧ, ಶುಕ್ರ. ಅರ್ಧ ಮಕ್ಕಳು ಮಂಗಳ, ಗುರು. 24 ಮಕ್ಕಳಿಗೆ ಸಿಗುತ್ತದೆ. 2020ರಲ್ಲಿ ಕೊರೊನಾ ಸಮಯದಲ್ಲಿ ವಿದ್ಯಾಗಮ ಮಾಡಿದಾಗ ಗುಂಪು ಮಾಡಿಕೊಂಡು ಕಲಿಸಲಿಲ್ವಾ?

ಕುಷ್ಟಗಿ ಅಜ್ಜ
ನನ್ನ ಮೊಮ್ಮಗಳಿಗೆ ಆಗುವುದಿಲ್ಲ. ಆಟಿಸಂ ಇರುವ ಮಕ್ಕಳಿಗೆ ದಿನಾ ಒಂದೇ ಥರ ಇರಬೇಕು. ಒಂದು ದಿನ ಇದೆ, ಒಂದು ದಿನ ಇಲ್ಲ ಅಂದರೆ ಇಲ್ಲದ ದಿನ ಬೆಳಿಗ್ಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಅಳುತ್ತಾಳೆ.

ಸಿರುಗುಪ್ಪ ಅಕ್ಕ
ಅಜ್ಜಾರೆ, ಎಲ್ಲ ಮಕ್ಕಳೂ ಹಾಗಿರುವುದಿಲ್ಲ. ನನ್ನ ಮಗನಿಗೆ ಸಿಪಿ (ಸೆರೆಬ್ರಲ್ ಪಾಲ್ಸಿ), ಐದು ದಿನ ಕೂರಿಸಿದರೆ ದಣಿದು ಜ್ವರ ಬರುತ್ತಿತ್ತು. ಮೂರು ದಿನ ಅವನಿಗೆ ಸರಿಹೋಯಿತು. ಹಾಗಾಗಿ ಎಲ್ಲರಿಗೂ ಒಂದೇ ಅಳತೆ ಬೇಡ. ಕೆಲವರಿಗೆ ಐದು ದಿನ, ಕೆಲವರಿಗೆ ಮೂರು, ಕೆಲವರಿಗೆ ಎರಡು. ಯಾವ ದಿನ ಎಣಿಸಿದರೂ ಕೋಣೆಯಲ್ಲಿ 12 ದಾಟಬಾರದು, ಅಷ್ಟೇ.

ಅಂದ ಹಾಗೆ, ನಿರಾಮಯ ಇನ್ಶೂರೆನ್ಸ್ ಮಾಡಿಸಿದ್ದೀರಾ? ಆಟಿಸಂ, ಸಿಪಿ, ಬೌದ್ಧಿಕ ಅಸಮರ್ಥತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ. ನಮ್ಮ ಕಡೆ ಎಷ್ಟೋ ಪಾಲಕರಿಗೆ ಗೊತ್ತೇ ಇಲ್ಲ.

ಹತ್ತಿ ಹೊಲ
ಇದು ಹೊಸ ವಿಷಯ. ಬೇರೆ ಪೋಸ್ಟ್ ಹಾಕಿ ಅಕ್ಕಾ, ಅರ್ಜಿ ಹೇಗೆ ಅಂತ.

ಮಾನ್ವಿ ಮಲ್ಲಿಗೆ
ನನ್ನದೊಂದು ಪ್ರಶ್ನೆ. ಮಂಚಕ್ಕೆ ಕಟ್ಟಿ ಹೋಗುವ ಆ ಅಜ್ಜಿಯ ಮೇಲೆ ಯಾರಾದರೂ ದೂರು ಕೊಟ್ಟುಬಿಡುತ್ತಾರೇನೋ ಎಂದು ಭಯ ಆಗುತ್ತದೆ.

ದೇವದುರ್ಗ ವಿಆರ್‌ಡಬ್ಲ್ಯೂ
ಅಜ್ಜಿಯನ್ನು ಬೈದು ಏನೂ ಆಗುವುದಿಲ್ಲ ಅಕ್ಕಾ. ಅವರ ಮನೆ ಹತ್ತಿರ ಬಾವಿಯೋ ಕಾಲುವೆಯೋ ಇರಬೇಕು. ನಮ್ಮ ಕಡೆ ಕಾಲುವೆಗೆ ನೀರು ಬಿಟ್ಟಾಗ ಎಷ್ಟು ಮನೆಗಳಲ್ಲಿ ಹೀಗೆ ಮಾಡುತ್ತಾರೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. ಹುಡುಗನಿಗೆ ಜಾಗ ಸಿಕ್ಕರೆ ಆ ಸೀರೆ ತುಂಡು ತಾನಾಗಿ ಹೋಗುತ್ತದೆ.

ಭಾಗ್ಯನಗರದ ಅಮ್ಮ
ಎಲ್ಲರೂ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಭಾನುವಾರ ಸಭೆಗೆ ಹೋದೆ. ಏನಾಯಿತು ಎಂದು ಹೇಳುತ್ತೇನೆ.

ಮನೆಗೆ ಹೋಗಿ ನೋಡಲು ಮೂರು ಜನ ಹೋಗುತ್ತಿದ್ದಾರೆ, ಅವರಲ್ಲಿ ಕಮಿಟಿಯವರು ಯಾರೂ ಇಲ್ಲ. ಗಂಗಾವತಿ ಅಣ್ಣ ಬರಲು ಒಪ್ಪಿದ್ದಾರೆ. ಪರ್ಸೆಂಟ್ ನೋಡುವುದಿಲ್ಲ, ಸರ್ಟಿಫಿಕೇಟ್ ಇಲ್ಲದವರನ್ನೂ ಬಿಡುವುದಿಲ್ಲ. ಟೀಚರ್ ಮೇಡಂ ಹೇಳಿದ ನಾಲ್ಕು ಪ್ರಶ್ನೆಯ ಜೊತೆ, ಮಗುವಿಗೆ ಎಷ್ಟು ದಿನ ಬೇಕು ಎಂಬ ಐದನೆಯದನ್ನು ಸೇರಿಸಿದೆವು. ಈಗ ಇರುವ 12 ಮಕ್ಕಳ ಮನೆಗೂ ಹೋಗುತ್ತಾರೆ. ನನ್ನ ಮನೆಗೂ. ಇದನ್ನು ನಾನೇ ಕೇಳಿದೆ. ಇಬ್ಬರು ಪಾಲಕರು ಸಿಟ್ಟಾಗಿ ಎದ್ದು ಹೋದರು, ಮಾತಾಡಿಸಬೇಕು.

ನನ್ನ ಮಗಳ ವಿಚಾರ. ನಾನು ಮನೆಯಲ್ಲೇ ಇರುತ್ತೇನೆ, ಅತ್ತೆಯವರೂ ಇದ್ದಾರೆ. ಅವಳಿಗೆ ಐದು ದಿನದ ಬದಲು ಮೂರು ದಿನ ಸಾಕು ಎಂದು ನನಗೆ ಅನಿಸಿದೆ. ಅವಳಿಗೆ ಹೇಗೆ ಹೇಳಲಿ ಎಂದು ತಿಳಿಯುತ್ತಿಲ್ಲ. ಬೆಳಿಗ್ಗೆ ಟಂಟಂ ಹಾರ್ನ್ ಕೇಳಿದರೆ ಕುತ್ತಿಗೆ ಎತ್ತಿ ಬಾಗಿಲ ಕಡೆ ನೋಡುತ್ತಾಳೆ.

ಕವಳೆ ಗಿಡ ಅಕ್ಕನ ಮಗಳ ಜಾಗ ಒಂದು ವರ್ಷ ಅವಳ ಹೆಸರಲ್ಲೇ ಇರುತ್ತದೆ, ಬರೆದು ಸಹಿ ಮಾಡಿ ಕೊಟ್ಟಿದ್ದೇವೆ. ಪಂಚಾಯಿತಿಗೆ ಠರಾವು ಹೋಗಿದೆ. ಜಾಗ ಸಿಗದವರ ಪಟ್ಟಿಯನ್ನು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳುತ್ತೇವೆ.

ಅಜ್ಜಿಯ ಮನೆಗೆ ನಾನೇ ಹೋಗಿ ಬಂದೆ. ಕೇಂದ್ರದಿಂದ 14 ಕಿಲೋಮೀಟರ್. ನಮ್ಮ ಟಂಟಂ ಅಷ್ಟು ದೂರ ಹೋದರೆ ಉಳಿದ ಮಕ್ಕಳಿಗೆ ಒಂದು ಗಂಟೆ ತಡವಾಗುತ್ತದೆ. ಅವನಿಗೆ ಬೆನ್ನು ನಿಲ್ಲುವುದಿಲ್ಲ, ಒರಗುವ ಕುರ್ಚಿಯೂ ಬೇಕು. ಇವೆರಡಕ್ಕೆ ಯಾರಾದರೂ ದಾರಿ ಹೇಳಿ.

ಸಿರುಗುಪ್ಪ ಅಕ್ಕ
ಕುರ್ಚಿ ನನ್ನ ಹತ್ತಿರ ಇದೆ. ಮಗನಿಗೆ ವಿಕಲಚೇತನರ ಸಲಕರಣೆ ಕೊಡುವ ಅಲಿಮ್ಕೊ ಕ್ಯಾಂಪಿನಲ್ಲಿ ಕೊಟ್ಟಿದ್ದ ಸಿಪಿ ಚೇರ್, ಈಗ ಅವನಿಗೆ ಸಣ್ಣದಾಗಿದೆ. ಬೆಲ್ಟ್ ಒಂದು ಹರಿದಿದೆ, ಚಪ್ಪಲಿ ಹೊಲಿಯುವವರ ಹತ್ತಿರ ಹಾಕಿಸುತ್ತೇನೆ. ಹುಡುಗನ ಸೊಂಟದಿಂದ ಮೊಣಕಾಲಿನ ತನಕ ಎಷ್ಟಿದೆ ಎಂದು ಟೇಪ್ ಹಿಡಿದು ಅಳೆದು ಕಳಿಸಿ. ಕುರ್ಚಿ ಆಳ 13 ಇಂಚು ಇದೆ.

ಹತ್ತಿ ಹೊಲ
ಅಕ್ಕಾರೆ, ಅದು ಯಾವ ದಾರಿಯ ಊರು? ಕುಕನೂರು ಕಡೆಯಾದರೆ ನಮ್ಮ ತಮ್ಮ ಬೆಳಿಗ್ಗೆ 9ಕ್ಕೆ ಹಾಲಿನ ಗಾಡಿ ತಗೊಂಡು ಖಾಲಿ ವಾಪಸ್ ಬರುತ್ತಾನೆ, ಮುಂದೆ ಇಬ್ಬರು ಕೂರಬಹುದು. ಸಂಜೆಗೆ ಮಾತ್ರ ಬೇರೆ ನೋಡಬೇಕು.

ಭಾಗ್ಯನಗರದ ಅಮ್ಮ
ಅದೇ ದಾರಿ! ನಂಬರ್ ಮೆಸೇಜ್ ಮಾಡಿ ಅಣ್ಣಾ, ಈಗಲೇ ಫೋನ್ ಮಾಡುತ್ತೇನೆ. ಅಕ್ಕಾ, ನಾಳೆ ಟೇಪ್ ತಗೊಂಡು ಹೋಗುತ್ತೇನೆ.